ಎರೆನೆಲದ ಚಿಗರಿ ಬೇಟೆ: ಸಾಮಗ್ರಿಯ ಇತಿಹಾಸ

ನಮ್ಮ ಶಾಲೆಗಳ ಇತಿಹಾಸದ ಪುಸ್ತಕಗಳಲ್ಲಿ ಅರಸರು ಬೇಟೆಗೆ ಹೋದರೆಂಬ ಮಾತು ಬರುತ್ತದೆ. ಅವರು ಏನನ್ನು ಒಯ್ದರು, ಅದನ್ನೇ ಏಕೆ ಒಯ್ದರು, ಅದನ್ನು ಮಾಡಿಕೊಟ್ಟವರು ಯಾರು, ಹೊತ್ತು ನಡೆದವರು ಯಾರು ಎಂಬುದು ಬರುವುದಿಲ್ಲ. ಇದು ಅಷ್ಟೇನೂ ದೊಡ್ಡ ವಿಷಯವಲ್ಲವೆಂದು ನಾವೆಲ್ಲರೂ ಬಿಟ್ಟುಕೊಟ್ಟಿದ್ದೇವೆ. ಆದರೆ ಈ ಸಣ್ಣ ಎಳೆಯನ್ನೇ ಹಿಡಿದುಕೊಂಡು ಹೊರಟರೆ ನಮ್ಮ ಗಡಿನಾಡಿನ ಒಂಬೈನೂರು, ಸಾವಿರ ವರ್ಷಗಳ ಬಾಳುವೆಯ ಒಂದು ಮಗ್ಗುಲು ಕಣ್ಣಿಗೆ ಬೀಳುತ್ತದೆಂಬುದು ನನ್ನ ಅನುಭವ. ಅದನ್ನು ಉಪಾಧ್ಯಾಯ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ಎಳೆ ನನಗೆ ಸಿಕ್ಕಿದ ಬಗೆಯನ್ನು ಮೊದಲು ಹೇಳಬೇಕು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಅಕ್ಕಲಕೋಟೆ ಸೀಮೆಯ ಒಂದು ಕನ್ನಡ ಪ್ರೌಢಶಾಲೆಯಲ್ಲಿ ಸಹಾಯಕ ಶಿಕ್ಷಕನಾಗಿದ್ದೆ. ಒಂಬತ್ತನೆಯ ವರ್ಗಕ್ಕೆ ಕಲ್ಯಾಣದ ಚಾಲುಕ್ಯರ ಪಾಠ ನಡೆದಿತ್ತು. ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮೃಗಯಾವಿನೋದವೆಂಬ ಅಧ್ಯಾಯವುಂಟೆಂದು ಹೇಳಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಸರ್, ಜಿಂಕೆ ಬೇಟೆಗೆ ರಾಜ ಏನೇನು ಒಯ್ಯತಿದ್ದ?” ಎಂದು ಕೇಳಿದಳು. ನಾನು ವಿಚಾರ ಮಾಡದೆ, “ಬಿಲ್ಲು, ಬಾಣ, ಕುದುರೆ” ಎಂದುಬಿಟ್ಟೆ. ಆಗ ಹಿಂದಿನ ಬಾಕಿನಿಂದ ಒಂದು ದನಿ ಬಂತು: “ಬಿಲ್ಲಿನಿಂದ ಚಿಗರಿ ಸಿಗೂದಿಲ್ರಿ ಸರ್. ಮೊದಲ ಒಂದು ಎತ್ತು ಬೇಕು.”

ವರ್ಗವೆಲ್ಲ ನಕ್ಕಿತು. ಎತ್ತಿನ ಮಾತಿಗಿಂತ ಹೆಚ್ಚಾಗಿ ಆ ಹುಡುಗನ ಜಾತಿಯನ್ನು ನೆನೆದು ನಕ್ಕರೆಂಬುದು ನನಗೆ ತಿಳಿಯದೆ ಹೋಗಲಿಲ್ಲ. ಅವನು ಪಾರಧಿಯವರ ಹುಡುಗ. ನಾನು ಅವರನ್ನು ಸುಮ್ಮನಿರಿಸಿ ಪಾಠವನ್ನು ಮುಂದುವರಿಸಿದೆ. ಅವನು ಹೇಳಿದ ಮಾತು ಸರಿಯೋ ತಪ್ಪೋ ಎಂದು ಕೇಳಲಿಲ್ಲ. ಮರುದಿನದಿಂದ ನಾಲ್ಕು ದಿನ ಅವನು ಶಾಲೆಗೆ ಬರಲಿಲ್ಲ. ಐದನೆಯ ದಿನ ಊರ ಹೊರಗಿನ ಅವರ ವಸತಿಗೆ ನಾನೇ ಹೋದೆ. ಅಲ್ಲಿ ಅವನ ಅಜ್ಜನೊಡನೆ ಕುಳಿತು ಕಳೆದ ಒಂದು ಮಧ್ಯಾಹ್ನದಲ್ಲಿ, ಶಿಕ್ಷಕ ತರಬೇತಿಯ ಕಾಲೇಜಿನಲ್ಲಿ ಕಲಿಯದಿದ್ದ ಇತಿಹಾಸವನ್ನು ಸ್ವಲ್ಪಮಟ್ಟಿಗೆ ಕಲಿತೆ.

ನೆಲ ಮತ್ತು ಪ್ರಾಣಿ

ಬೇಟೆಯ ಸಾಮಗ್ರಿಯನ್ನು ತಿಳಿಯುವ ಮೊದಲು ಬೇಟೆಯ ನೆಲವನ್ನು ತಿಳಿಯಬೇಕು. ಕಲ್ಯಾಣದಿಂದ ಪಡುವಲಿಗೆ ಅಕ್ಕಲಕೋಟೆ, ಸೋಲಾಪುರ, ಅಲ್ಲಿಂದ ತೆಂಕಲಿಗೆ ವಿಜಾಪುರ, ಜತ್ತದವರೆಗೆ ಹಬ್ಬಿರುವುದು ಬಯಲುಸೀಮೆ. ಎರೆಮಣ್ಣಿನ ಹೊಲಗಳು, ನಡುನಡುವೆ ಕಲ್ಲುಮರಡಿಯ ಹುಲ್ಲುಗಾವಲು, ಹಿಂಗಾರಿ ಜೋಳ, ಅಲ್ಲೊಂದು ಇಲ್ಲೊಂದು ಜಾಲಿ. ಮರೆಯಾಗಿ ನಿಲ್ಲುವುದಕ್ಕೆ ಕಾಡಿಲ್ಲ. ಮಲೆನಾಡಿನಲ್ಲಿ ಕಡವೆಗಾಗಿ ಮರಸು ಕೂರುವವನಿಗೆ ಮರವುಂಟು, ಪೊದೆಯುಂಟು. ನಮ್ಮ ಬಯಲಿನ ಬೇಟೆಗಾರನಿಗೆ ಮರೆಯೆಂಬುದೇ ಇಲ್ಲ. ಮರೆಯನ್ನು ಅವನು ಜೊತೆಯಲ್ಲಿಯೇ ಒಯ್ಯಬೇಕು.

ಈ ನೆಲದ ಪ್ರಾಣಿ ಕೃಷ್ಣಮೃಗ. ನಾವು ಅದನ್ನು ಚಿಗರಿ ಎನ್ನುತ್ತೇವೆ. ಹಳಗನ್ನಡದ ಕವಿಗಳಿಗೆ ಎರಳೆ, ಪುಲ್ಲೆ ಎಂಬ ಮಾತುಗಳು ರೂಢಿ. ಮರಾಠಿಯಲ್ಲಿ ಅದು ಕಾಳವೀಟ. ತೆಲುಗಿನಲ್ಲಿ ಗಂಡಿಗೆ ಇರ್ರಿ, ಹೆಣ್ಣಿಗೆ ಲೇಡಿ ಎಂಬ ಹೆಸರುಗಳು ಬಳಕೆಯಲ್ಲಿವೆ. ಸಂಸ್ಕೃತದಲ್ಲಿ ಕೃಷ್ಣಸಾರ, ಕೃಷ್ಣಸಾರವು ತಾನಾಗಿ ಅಲೆಯುವ ನೆಲವೇ ಯಜ್ಞಕ್ಕೆ ಯೋಗ್ಯವಾದ ನೆಲವೆಂದು ಮನುಸ್ಮೃತಿ ಹೇಳುತ್ತದೆ. ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಇದು ನಿಜವಾದ ಜಿಂಕೆಯ ವರ್ಗಕ್ಕೆ ಸೇರಿದುದಲ್ಲ. ಜಿಂಕೆ ತನ್ನ ಕವಲುಗೊಂಬನ್ನು ಕಾಲಕಾಲಕ್ಕೆ ಉದುರಿಸುತ್ತದೆ. ಚಿಗರಿಯ ತಿರುಚುಗೊಂಬು ಬಾಳಿನುದ್ದಕ್ಕೂ ಹಾಗೆಯೇ ಇರುತ್ತದೆ. ಆದರೆ ನಮ್ಮ ಜನರ ಮಾತಿನಲ್ಲಿಯೂ ಕಾವ್ಯಗಳಲ್ಲಿಯೂ ಅದು ಜಿಂಕೆಯೇ ಆಗಿದೆ.

ಚಿಗರಿಯ ಸ್ವಭಾವದಲ್ಲಿ ಮೂರು ಸಂಗತಿಗಳು ಬೇಟೆಗಾರನಿಗೆ ಮುಖ್ಯ. ಮೊದಲನೆಯದು, ಅದು ಮೂಗಿಗಿಂತ ಹೆಚ್ಚಾಗಿ ಕಣ್ಣನ್ನು ನಂಬುತ್ತದೆ. ಬಯಲಿನಲ್ಲಿ ಬಹುದೂರದಿಂದಲೇ ಮನುಷ್ಯನನ್ನು ಗುರುತಿಸುತ್ತದೆ. ಎರಡನೆಯದು, ಅದರ ಓಟ. ಗಂಟೆಗೆ ಎಂಬತ್ತು ಕಿಲೋಮೀಟರಿನ ಆಸುಪಾಸಿನ ವೇಗ ಅದಕ್ಕುಂಟು. ಗಟ್ಟಿನೆಲದ ಮೇಲೆ ಗಾಯವಾಗದ ಚಿಗರಿಯನ್ನು ನಾಯಿಯಾಗಲಿ ಕುದುರೆಯಾಗಲಿ ಹಿಡಿಯುವುದು ಅಪರೂಪ. ಮೂರನೆಯದು, ಬೆಳೆದ ಗಂಡು ಒಂದು ಜಾಗವನ್ನು ತನ್ನದೆಂದು ಕಟ್ಟಿಕೊಂಡು ಕಾಯುತ್ತದೆ. ಬೇರೊಂದು ಗಂಡು ಅಲ್ಲಿಗೆ ಬಂದರೆ ಕಾದಾಟಕ್ಕೆ ನಿಲ್ಲುತ್ತದೆ. ಕಣ್ಣನ್ನು ವಂಚಿಸಬೇಕು, ಇಲ್ಲವೆ ಓಟವನ್ನು ಮೀರಿಸಬೇಕು, ಇಲ್ಲವೆ ಅದರ ರೋಷವನ್ನೇ ಉಪಯೋಗಿಸಿಕೊಳ್ಳಬೇಕು. ಬಂದೂಕು ಬರುವವರೆಗೆ ಚಿಗರಿ ಬೇಟೆಯ ಮುಖ್ಯ ಸಾಮಗ್ರಿಯೆಲ್ಲ ಈ ಮೂರು ದಾರಿಗಳಲ್ಲಿ ಒಂದಕ್ಕೆ ಸೇರಿದುದು.

ಅರಸರ ಸಾಮಗ್ರಿ

ಮೂರನೆಯ ಸೋಮೇಶ್ವರನು ಆರನೆಯ ವಿಕ್ರಮಾದಿತ್ಯನ ಮಗ. ಸುಮಾರು 1127ರಿಂದ 1138ರವರೆಗೆ ಕಲ್ಯಾಣದಿಂದ ಆಳಿದನು. ಅವನ ‘ಮಾನಸೋಲ್ಲಾಸ’ಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಇನ್ನೊಂದು ಹೆಸರುಂಟು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ನೂರು ಅಧ್ಯಾಯಗಳ ಸಂಸ್ಕೃತ ಗ್ರಂಥವಿದು. ಇಡ್ಡಲಿಗೆ, ದೋಸೆಗಳ ಹಳೆಯ ಉಲ್ಲೇಖಕ್ಕಾಗಿ ಇದನ್ನು ನಮ್ಮವರು ಆಗಾಗ ನೆನೆಯುತ್ತಾರೆ. ನಾಯಿ, ಗಿಡುಗ, ಮೀನು, ಬೇಟೆ ಇವುಗಳ ಅಧ್ಯಾಯಗಳನ್ನು ಓದುವವರು ಕಡಿಮೆ.

ಈ ಗ್ರಂಥದ ಮೃಗಯಾವಿನೋದದಲ್ಲಿ ಬೇಟೆಯನ್ನು ಆಯುಧದ ಮೇಲಿಂದ ವಿಂಗಡಿಸಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ನೀರಿನ ಬಳಿಯಲ್ಲಿ ಕಾಯುವ ಬೇಟೆ, ಸಾಕಿದ ಮೃಗವನ್ನು ಮುಂದೆ ಬಿಟ್ಟು ಮಾಡುವ ಬೇಟೆ, ಚಿರತೆಯನ್ನು ಬಿಟ್ಟು ಮಾಡುವ ಬೇಟೆ, ಹೀಗೆ ಪ್ರಾಣಿಯ ನಡೆವಳಿಕೆಯನ್ನೂ ಸ್ಥಳವನ್ನೂ ಉಪಾಯವನ್ನೂ ಹಿಡಿದು ವಿಂಗಡಣೆ ನಡೆದಿದೆ. ಬಿಲ್ಲು ಬಾಣಗಳಿಗೆ ಸ್ಥಾನವಿಲ್ಲವೆಂದಲ್ಲ. ಪ್ರಾಣಿ ಹತ್ತಿರಕ್ಕೆ ಬಂದ ಮೇಲೆ ಅವುಗಳ ಕೆಲಸ. ಅದನ್ನು ಹತ್ತಿರಕ್ಕೆ ಬರಿಸುವ ಸಾಮಗ್ರಿಯೇ ಬೇರೆ. ನನ್ನ ವರ್ಗದ ಆ ಹುಡುಗ ಹೇಳಿದ್ದೂ ಇದನ್ನೇ.

ಸಾಕಿದ ಮೃಗವನ್ನು ಬಿಟ್ಟು ಕಾಡಿನ ಮೃಗವನ್ನು ಸೆಳೆಯುವ ಉಪಾಯಕ್ಕೆ ಕನ್ನಡದಲ್ಲಿ ‘ದೀವ’ ಎಂಬ ಒಳ್ಳೆಯ ಮಾತಿದೆ. ‘ದೀಮ’ ಎಂಬ ರೂಪವೂ ಉಂಟು. ತೆಲುಗಿನಲ್ಲಿ ಅದು ‘ದೀಮಮು’. 941ರ ಸುಮಾರಿಗೆ ಪಂಪನು ಬರೆದ ‘ವಿಕ್ರಮಾರ್ಜುನ ವಿಜಯ’ದ ಬೇಂಟೆಯ ವರ್ಣನೆಯಲ್ಲಿಯೇ ದೀವದ ಬೇಂಟೆಯ ಪ್ರಸ್ತಾಪವಿದೆ. ಪಳಗಿಸಿದ ಗಂಡು ಚಿಗರಿಯ ಕೊಂಬಿಗೆ ಕುಣಿಕೆಗಳನ್ನೋ ಬಲೆಯನ್ನೋ ಕಟ್ಟಿ ಬಿಡುವುದು, ಕಾದಾಡಲು ಬಂದ ಕಾಡಿನ ಗಂಡಿನ ಕೊಂಬು ಅದರಲ್ಲಿ ತೊಡರಿಕೊಳ್ಳುವುದು, ಆಗ ಬೇಟೆಗಾರನು ಓಡಿಹೋಗಿ ಹಿಡಿಯುವುದು, ಇದು ಪದ್ಧತಿ. ಹದಿನಾರನೆಯ ಶತಮಾನದ ಕೊನೆಯಲ್ಲಿ ಅಬುಲ್ ಫಜಲನು ‘ಐನೆ ಅಕ್ಬರಿ’ಯಲ್ಲಿ ಇದೇ ಉಪಾಯವನ್ನು ವಿವರಿಸಿದ್ದಾನೆ. ಇಲ್ಲಿ ಸಾಮಗ್ರಿಯೆಂದರೆ ಒಂದು ಹಗ್ಗದ ತುಂಡು ಮತ್ತು ಚಿಗರಿಯ ರೋಷದ ಪರಿಚಯ, ಇಷ್ಟೇ.

ಚಿರತೆಯ ಬೇಟೆ ಅರಸರಿಗೆ ಹೆಚ್ಚು ಪ್ರಿಯವಾದುದು. ಚಿರತೆಯೆಂದರೆ ಇಲ್ಲಿ ಮರ ಹತ್ತುವ ಕಿರುಬನಲ್ಲ. ಇಂದು ಚೀತಾ ಎಂದು ಕರೆಯುವ, ಬಯಲಿನಲ್ಲಿ ಓಡುವ ಪ್ರಾಣಿ. 1867ರಲ್ಲಿ ಭಾರತದ ಸಸ್ತನಿಗಳ ಮೇಲೆ ಗ್ರಂಥ ಬರೆದ ಜೆರ್ಡನ್ ಸಾಹೇಬನು ಇದಕ್ಕೆ ‘ಚಿರ್ಚ’, ‘ಸಿವಂಗಿ’ ಎಂಬ ಕನ್ನಡ ಹೆಸರುಗಳನ್ನು ಕೊಟ್ಟಿದ್ದಾನೆ. ಪ್ರಾಣಿಗೆ ಬೇರೆಯಾದ ಹೆಸರಿರಬೇಕಾದರೆ ಜನ ಅದನ್ನು ಬೇರೆಯಾಗಿ ಕಂಡಿರಲೇಬೇಕು. ಚೀತಾವನ್ನು ಪಳಗಿಸಿ ಬೇಟೆಗೆ ಬಿಡುವ ಪದ್ಧತಿಗೆ ಭಾರತದಲ್ಲಿ ಸಿಗುವ ಮೊದಲ ಲಿಖಿತ ಸಾಕ್ಷ್ಯಗಳಲ್ಲಿ ನಮ್ಮ ಸೋಮೇಶ್ವರನ ಗ್ರಂಥ ಒಂದು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬಳಿ ಇಂಥ ಪ್ರಾಣಿಗಳಿದ್ದವು. 1799ರ ಬಳಿಕ ಅವು ಆರ್ಥರ್ ವೆಲ್ಲೆಸ್ಲಿಯ ವಶಕ್ಕೆ ಹೋದವು. ಜತ್ತಕ್ಕೆ ದೂರವಲ್ಲದ ಕೊಲ್ಹಾಪುರದ ಸಂಸ್ಥಾನದಲ್ಲಿ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿಯೂ ಇದು ನಡೆದಿತ್ತು. ನಮ್ಮ ದೇಶದ ಚೀತಾಗಳು ಸಿಗದೆ ಹೋದಾಗ ಆಫ್ರಿಕದಿಂದ ತರಿಸಿದರು.

ಈ ಬೇಟೆಯ ಸಾಮಗ್ರಿಯನ್ನು ನೋಡಿರಿ. ಒಂದು ಎತ್ತಿನ ಬಂಡಿ, ಚೀತಾದ ಕಣ್ಣಿಗೆ ತೊಗಲಿನ ಮುಸುಕು, ಕೊರಳಿಗೂ ನಡುವಿಗೂ ಪಟ್ಟಿ, ಒಂದು ಚೂರಿ, ಒಂದು ಮರದ ಸೌಟು. ಹೊಲಕ್ಕೆ ಹೋಗಿಬರುವ ಬಂಡಿಯನ್ನು ಚಿಗರಿ ದಿನವೂ ಕಂಡಿರುತ್ತದೆ, ಆದುದರಿಂದ ಬೆದರುವುದಿಲ್ಲ. ಬಂಡಿ ಸುತ್ತಿ ಸುತ್ತಿ ನೂರಿನ್ನೂರು ಗಜಗಳ ಹತ್ತಿರಕ್ಕೆ ಬಂದಾಗ ಮುಸುಕನ್ನು ಕಳಚುತ್ತಾರೆ. ಚೀತಾದ ಓಟವು ಚಿಗರಿಯ ಓಟಕ್ಕಿಂತ ಮಿಗಿಲು, ಆದರೆ ಬಹಳ ಹೊತ್ತು ನಿಲ್ಲುವುದಿಲ್ಲ. ಕೆಲವು ನೂರು ಗಜಗಳೊಳಗೆ ಹಿಡಿಯದಿದ್ದರೆ ಬಿಟ್ಟುಬಿಡುತ್ತದೆ. ಹಿಡಿದರೆ, ಕಾವಲಿನವನು ಓಡಿಹೋಗಿ ಚಿಗರಿಯ ಕತ್ತು ಕೊಯ್ದು ನೆತ್ತರನ್ನು ಸೌಟಿನಲ್ಲಿ ಹಿಡಿದು ಚೀತಾದ ಬಾಯಿಗೆ ಒಡ್ಡಿ, ಅದು ಕುಡಿಯುತ್ತಿರುವಾಗ ಮತ್ತೆ ಮುಸುಕು ಹಾಕುತ್ತಾನೆ. ಸೌಟನ್ನು ಮರೆತು ಹೋದವನಿಗೆ ಚೀತಾ ಬೇಟೆಯನ್ನು ಬಿಟ್ಟುಕೊಡುವುದು ಕಷ್ಟ. ಬೇಟೆಗೆ ಏನು ಒಯ್ಯಬೇಕೆಂಬ ಪ್ರಶ್ನೆಯಲ್ಲಿ ಕತ್ತಿಯಷ್ಟೇ ಸೌಟೂ ಮುಖ್ಯ.

ನಾಯಿಗಳ ಮಾತು ಬೇರೆ. 949-50ರ ಆತಕೂರಿನ ಶಾಸನದಲ್ಲಿ ಕಾಳಿಯೆಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಮಡಿದ ಕತೆ ಬರುತ್ತದೆ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಬೇಡರು, ನಾಯಿಗಳು ಕೂಡಿದ ದೊಡ್ಡ ಬೇಟೆಯ ಪ್ರಸಂಗವಿದೆ. ಹಂದಿಗೆ ನಾಯಿ ತಕ್ಕುದು. ಚಿಗರಿಗೆ ನಾಯಿ ಸಾಲಬೇಕಾದರೆ ಮಳೆ ಬಂದು ಎರೆನೆಲ ಕೆಸರಾಗಿರಬೇಕು. ಆಗ ಚಿಗರಿಯ ಚೂಪುಗೊರಸು ಹೂತುಕೊಳ್ಳುತ್ತದೆ, ನಾಯಿಯ ಅಗಲ ಪಾದ ಹೂಳುವುದಿಲ್ಲ. ಮಾಡುವ ಆಯ್ಕೆ ಪ್ರಾಣಿಯನ್ನೂ ನೆಲವನ್ನೂ ಮಾತ್ರವಲ್ಲದೆ ಋತುವನ್ನೂ ಹೊಂದಿಕೊಂಡಿತ್ತು.

ಜನರ ಸಾಮಗ್ರಿ

ಇನ್ನು ಪಾರಧಿಯವರ ಸಾಮಗ್ರಿಗೆ ಬರೋಣ. ಮರಾಠಿಯ ‘ಪಾರಧ’ ಎಂದರೆ ಬೇಟೆ. ಅದರ ಮೂಲ ಸಂಸ್ಕೃತದ ‘ಪಾಪರ್ಧಿ’ ಎಂಬುದೆಂದು ತಿಳಿದವರು ಹೇಳುತ್ತಾರೆ. ಪಾಪರ್ಧಿಯೆಂದರೆ ಪಾಪದ ಬೆಳವಣಿಗೆ. ಜೈನ ಆಚಾರ್ಯರು ಸಪ್ತವ್ಯಸನಗಳಲ್ಲಿ ಬೇಟೆಯನ್ನು ಎಣಿಸುವಾಗ ಈ ಮಾತನ್ನೇ ಬಳಸಿದರು. ಜನ್ನನ ‘ಯಶೋಧರ ಚರಿತೆ’ಯನ್ನು ಓದಿದವರಿಗೆ ಬೇಟೆ ಕೆಟ್ಟಿತೆಂದು ಮುನಿಯ ಮೇಲೆ ನಾಯಿಗಳನ್ನು ಬಿಟ್ಟ ಅರಸನ ಪ್ರಸಂಗ ನೆನಪಿರಬಹುದು. ಅಲ್ಲಿ ಪಾಪಿಯೆನಿಸಿದವನು ಅರಸ. ಆದರೆ ಕಾಲಕ್ರಮದಲ್ಲಿ ಆ ಹೆಸರು ಅರಸರಿಗೆ ಅಂಟಲಿಲ್ಲ. ಹೊಟ್ಟೆಪಾಡಿಗಾಗಿ ಬೇಟೆಯಾಡುವ ಒಂದು ಜನಕ್ಕೆ ಅಂಟಿಕೊಂಡಿತು. ಅರಸರ ಬೇಟೆ ವಿನೋದವೆನಿಸಿತು. ಅರ್ಥಶಾಸ್ತ್ರದ ಕೌಟಿಲ್ಯನು ಕೂಡ ಬೇಟೆಯನ್ನು ಅರಸನ ವ್ಯಸನಗಳಲ್ಲಿ ಸೇರಿಸಿ, ಜೂಜಿಗಿಂತ ಅದು ವಾಸಿಯೆಂದು ವಾದಿಸುತ್ತಾನೆ: ಮೈಗೆ ವ್ಯಾಯಾಮವಾಗುತ್ತದೆ, ನಿಂತ ಗುರಿ ಓಡುವ ಗುರಿ ಎರಡಕ್ಕೂ ಕೈ ಪಳಗುತ್ತದೆ, ಪ್ರಾಣಿಗಳ ಮನಸ್ಸು ತಿಳಿಯುತ್ತದೆ ಎಂದು.

ಪಾರಧಿಯವರಲ್ಲಿ ಒಳಪಂಗಡಗಳಿವೆ. ಅವುಗಳಲ್ಲಿ ಹಲವಕ್ಕೆ ಬೇಟೆಯ ಸಾಮಗ್ರಿಯೇ ಹೆಸರು. ಫಾಸೆ ಪಾರಧಿಯವರು ಕುಣಿಕೆಯನ್ನು ಹಿಡಿದವರು. ಸಂಸ್ಕೃತದ ಪಾಶವೇ ಮರಾಠಿಯ ಫಾಸ. ಗಾಯ್ ಪಾರಧಿಯವರು ಆಕಳನ್ನೋ ಎತ್ತನ್ನೋ ಮರೆಮಾಡಿಕೊಂಡು ಬೇಟೆಯಾಡುವವರು. ಚೀತಾವಾಲಾ ಪಾರಧಿಯವರು ಅರಸರಿಗೆ ಚೀತಾ ಹಿಡಿದು ಪಳಗಿಸಿಕೊಟ್ಟವರು. ವಿಜಾಪುರ, ಧಾರವಾಡದ ಕಡೆ ಇವರಿಗೆ ಹತ್ತಿರದವರಾದ ಹರಣಶಿಕಾರಿಗಳ ಹೆಸರಿನ ಅರ್ಥವೇ ಜಿಂಕೆಯ ಬೇಟೆಗಾರರೆಂದು. ಮನೆಯಲ್ಲಿ ಇವರದು ಗುಜರಾತಿಗೆ ಹತ್ತಿರವಾದ ತಮ್ಮದೇ ಮಾತು. ಸಂತೆಯಲ್ಲಿ ಕನ್ನಡ, ಮರಾಠಿ. ಅರಸನ ವಿನೋದದ ಅಧ್ಯಾಯದಲ್ಲಿ ಬರುವ ಒಂದೊಂದು ಬಗೆಯ ಹಿಂದೆಯೂ ಇಂಥ ಕೈಗಳಿದ್ದಿರಬೇಕು. ಚೀತಾವನ್ನು ಅರಸನು ಸ್ವತಃ ಪಳಗಿಸಿರಲಾರ.

ಆ ಮಧ್ಯಾಹ್ನ ಅಜ್ಜನನ್ನು ನಾನು ಕೇಳಿದೆ: “ಅಜ್ಜಾ, ಚಿಗರಿ ಬ್ಯಾಟಿಗೆ ಹೊಂಟ್ರ ಏನೇನ ಸಾಮಾನ ಒಯ್ಯತಿದ್ರಿ?”

“ಮಾಸ್ತರ್ರ, ಸಾಮಾನದ ಮಾತು ಮೊದಲ ಕೇಳಬ್ಯಾಡ್ರಿ,” ಎಂದ. “ಚಿಗರಿ ಎಲ್ಲಿ ಮೇಯತೈತಿ, ಯಾ ಹಾದಿ ಹಿಡದು ನೀರಿಗಿ ಹೋಗತೈತಿ, ಅದನ್ನ ನಮ್ಮಪ್ಪ ಎರಡ ದಿನಾ ನೋಡಾಂವ. ಆಮ್ಯಾಲ ಸಾಮಾನ.”

ಬಳಿಕ ನೆಲದ ಧೂಳಿನಲ್ಲಿ ಕಡ್ಡಿಯಿಂದ ಗೆರೆ ಎಳೆದು ತೋರಿಸಿದ. ಒಂದು ಉದ್ದ ಹಗ್ಗ. ಅದಕ್ಕೆ ಸಾಲಾಗಿ ಕಟ್ಟಿದ ನರದ ಕುಣಿಕೆಗಳು. ಹಗ್ಗವನ್ನು ನೆಲಕ್ಕೆ ಬಿಗಿಯುವ ಗೂಟಗಳು. ಚಿಗರಿ ದಾಟುವ ಹಾದಿಗೆ ಅಡ್ಡಲಾಗಿ ಇದನ್ನು ಹರವಬೇಕು. ಇನ್ನೊಂದು ಕಡೆಯಿಂದ ಪಳಗಿದ ಎತ್ತಿನ ಮರೆಯಲ್ಲಿ ಒಬ್ಬನು ನಿಧಾನವಾಗಿ ಹಿಂಡಿನ ಕಡೆಗೆ ನಡೆಯಬೇಕು. ಎತ್ತು ಮೇಯುತ್ತ ಹೋಗುತ್ತದೆ. ಚಿಗರಿಗಳು ಓಡದೆ, ನಡೆದು ನಡೆದು ಕುಣಿಕೆಯ ಕಡೆಗೆ ಸರಿಯುತ್ತವೆ. “ಎತ್ತಿನ ಕೊಳ್ಳಾಗಿನ ಗಂಟಿ ಬಿಚ್ಚತಿದ್ದಿಲ್ರಿ,” ಎಂದ ಅಜ್ಜ. “ಗಂಟಿ ಸಪ್ಪಳ ಅದಕ್ಕ ಗೊತ್ತಿರತೈತಿ. ಸಪ್ಪಳ ಇಲ್ದ ಬಂದ್ರ ಅದಕ್ಕ ಸಂಶೇ.”

ನಾನು ಆ ರಾತ್ರಿ ಮನೆಗೆ ಬಂದು ಎರಡು ಪಟ್ಟಿಗಳನ್ನು ಬರೆದೆ. ಒಂದು ಕಲ್ಯಾಣದ ಅರಸನ ಬೇಟೆಯ ಪಟ್ಟಿ, ಇನ್ನೊಂದು ಈ ಅಜ್ಜನದು. ಬಂಡಿಯ ಎದುರು ಎತ್ತು, ದೀವದ ಕೊಂಬಿನ ಕುಣಿಕೆಯ ಎದುರು ನೆಲದ ಕುಣಿಕೆ, ನೀರಿನ ಬಳಿಯ ಹೊಂಚಿನ ಎದುರು ನೀರಿನ ಹಾದಿಯ ಹೊಂಚು. ವೆಚ್ಚದಲ್ಲಿ ಆಕಾಶ ಪಾತಾಳಗಳ ಅಂತರವಿದ್ದರೂ ಎರಡರ ಹಿಂದಿನ ತಿಳಿವಳಿಕೆ ಒಂದೇ ಆಗಿತ್ತು. ಒಂದು ಗ್ರಂಥವಾಗಿ ಉಳಿದುಕೊಂಡಿತು; ಇನ್ನೊಂದು ಧೂಳಿನಲ್ಲಿ ಬರೆದ ಗೆರೆಯಾಗಿತ್ತು.

ಕೋವಿಯ ಕಾಲ

ಕೋವಿ ಬಂದಾಗ ಈ ತಿಳಿವಳಿಕೆಯ ಬೆಲೆ ಒಮ್ಮೆಲೇ ಇಳಿಯಲಿಲ್ಲ. ಬತ್ತಿಕೋವಿಯ ಕಾಲದಲ್ಲಿ ಗುಂಡು ಗುರಿಗೆ ತಾಕಬೇಕಾದರೆ ಸಾಕಷ್ಟು ಹತ್ತಿರಕ್ಕೆ ಹೋಗಬೇಕಾಗಿತ್ತು. ಮದ್ದು, ಗುಂಡು, ಬತ್ತಿಗಳ ಜೊತೆಗೆ ಮರೆಯೂ ಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹಿಂದಿನಿಂದ ತೋಟಾ ತುಂಬುವ ರೈಫಲ್ಲುಗಳೂ ಹೊಗೆಯಿಲ್ಲದ ಮದ್ದೂ ಬಂದ ಮೇಲೆ ಇನ್ನೂರು ಗಜಗಳಾಚೆಯಿಂದಲೂ ಹೊಡೆಯುವುದು ಸಾಧ್ಯವಾಯಿತು. 1950 ಮತ್ತು 60ರ ದಶಕಗಳಲ್ಲಿ ಜೀಪು ಬಂದಿತು, ರಾತ್ರಿ ಕಣ್ಣು ಕುಕ್ಕುವ ಬ್ಯಾಟರಿ ದೀಪ ಬಂದಿತು. ಬಯಲಿನ ಮೇಲೆ ಜೀಪಿಗೆ ರಸ್ತೆಯೇ ಬೇಕಿಲ್ಲ. ಯಾವ ಹಾದಿ ಹಿಡಿದು ಚಿಗರಿ ನೀರಿಗೆ ಹೋಗುತ್ತದೆಂದು ಎರಡು ದಿನ ನೋಡುವ ಅಗತ್ಯ ಇನ್ನುಳಿಯಲಿಲ್ಲ. ಒಂದೆಡೆ ಹುಲ್ಲುಗಾವಲುಗಳು ಹೊಲವಾದವು, ಇನ್ನೊಂದೆಡೆ ಈ ಬೇಟೆ. ಹಿಂಡು ಹಿಂಡಾಗಿದ್ದ ಚಿಗರಿಗಳು ಹಲವು ಸೀಮೆಗಳಲ್ಲಿ ಕಾಣದಾದವು. ಚೀತಾವಂತೂ ಮುಗಿದೇ ಹೋಯಿತು. ಮಧ್ಯಭಾರತದ ಕೋರಿಯಾ ಸಂಸ್ಥಾನದಲ್ಲಿ 1947ರಲ್ಲಿ ಮೂರು ಚೀತಾಗಳನ್ನು ಹೊಡೆದುದೇ ನಮ್ಮ ದೇಶದಲ್ಲಿ ಕೊನೆಯದೆಂದು ಎಣಿಕೆ. 1952ರಲ್ಲಿ ಅದು ಭಾರತದಲ್ಲಿ ಅಳಿದಿದೆಯೆಂದು ಸಾರಲಾಯಿತು. 2022ರಲ್ಲಿ ನಮೀಬಿಯದಿಂದಲೂ 2023ರಲ್ಲಿ ದಕ್ಷಿಣ ಆಫ್ರಿಕದಿಂದಲೂ ತಂದ ಚೀತಾಗಳನ್ನು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟಿರುವುದು ವಾಚಕರಿಗೆ ತಿಳಿದ ಸಂಗತಿ.

ಆಯುಧವೆಂಬುದು ಬೇಟೆಗಾರನಿಗೆ ಸಾಮಗ್ರಿಯಾದರೆ ಸರಕಾರಕ್ಕೆ ಅದು ಭಯದ ಕಾರಣ. 1857ರಲ್ಲಿ ಜನರೆಲ್ಲರೂ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಹೊರಟಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಆಯುಧವು ಅವರಿಗೆ ಜೀವನೋಪಾಯ, ಕುಲದ ಮರ್ಯಾದೆ. ಆ ವರ್ಷದ ನವೆಂಬರದಲ್ಲಿ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು; ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಿದರು. ಲಾವಣಿಯ ಮೂಲಕ ಈ ಕತೆ ನಮ್ಮ ಮಕ್ಕಳಿಗೆ ತಿಳಿದಿದೆ. 1878ರ ಆಯುಧ ಕಾನೂನು ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವುದನ್ನು ಅಪರಾಧವೆಂದಿತು; ಯುರೋಪಿಯನ್ನರಿಗೆ ಅದರಿಂದ ವಿನಾಯಿತಿಯಿತ್ತು. ಬೇಟೆಗೆ ಏನನ್ನು ಒಯ್ಯಬೇಕೆಂಬುದನ್ನು ಅಂದಿನಿಂದ ನೆಲ, ಪ್ರಾಣಿ, ಋತುಗಳ ಜೊತೆಗೆ ಕಚೇರಿಯ ಕಾಗದವೂ ನಿರ್ಧರಿಸತೊಡಗಿತು.

ಕಾನೂನಿನ ಕಣ್ಣು

ಪಾರಧಿಯವರಿಗೆ ಇದಕ್ಕಿಂತ ದೊಡ್ಡ ವಿಪತ್ತು ಇನ್ನೊಂದು ಕಾನೂನಿನಿಂದ ಬಂದಿತು. ಅಪರಾಧಿ ಬುಡಕಟ್ಟುಗಳ ಕಾನೂನು ಮೊದಲು 1871ರಲ್ಲಿ ಉತ್ತರ ಭಾರತದಲ್ಲಿ ಜಾರಿಯಾಯಿತು. 1911ರ ಕಾನೂನಿನಿಂದ ಮುಂಬಯಿ, ಮದ್ರಾಸು ಪ್ರಾಂತಗಳಿಗೂ ಹಬ್ಬಿತು. ಅದರ ಪ್ರಕಾರ ಒಂದು ಜನವರ್ಗವನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಸಾರಬಹುದಾಗಿತ್ತು. ಹೆಸರು ದಾಖಲಾದವರು ಪೋಲೀಸರ ಮುಂದೆ ಹಾಜರಿ ಕೊಡಬೇಕು. ಊರು ಬಿಡುವುದಾದರೆ ಪಾಸು ಪಡೆಯಬೇಕು. ಚಿಗರಿಯ ಹಿಂದೆ ಸೀಮೆಯಿಂದ ಸೀಮೆಗೆ ಅಲೆಯುವವನಿಗೆ ಇದರಿಂದ ಬಾಳುವೆಯೇ ನಿಂತಂತಾಯಿತು. ಸೋಲಾಪುರದಲ್ಲಿ ಇಂಥ ಜನರನ್ನು ತಂತಿಬೇಲಿಯೊಳಗೆ ಇರಿಸಿದ ‘ಸೆಟಲ್‌ಮೆಂಟ್’ ಇತ್ತು. ಅಲ್ಲಿದ್ದವರು ನೂಲಿನ ಗಿರಣಿಗಳಿಗೆ ದುಡಿಯಲು ಹೋಗುತ್ತಿದ್ದರು. ಅಜ್ಜನ ತಂದೆ ಕೊನೆಯ ಸಲ ಕುಣಿಕೆಯ ಹಗ್ಗವನ್ನು ಮುಟ್ಟಿದುದು ಅಲ್ಲಿಗೆ ಹೋಗುವ ಮುನ್ನ; ಮುಂದೆ ಗಿರಣಿಯಲ್ಲಿ ಹತ್ತಿಯ ಮೂಟೆ ಹೊತ್ತನಂತೆ.

“ಸಾಹೇಬ್ರ ಕೈಯಾಗ ಬಂದೂಕ ಇದ್ರ ಶಿಕಾರಿ ಸಾಹೇಬ್ರು ಅಂತಿದ್ರು,” ಎಂದ ಅಜ್ಜ. “ನಮ್ಮಪ್ಪನ ಜೋಳಿಗ್ಯಾಗ ಫಾಸ ಸಿಕ್ರ, ಇವಾ ಕಳ್ಳಾ ಅಂತಿದ್ರು. ಎರಡೂ ಚಿಗರಿಗೇ ಅಲ್ಲೇನ್ರಿ ಮಾಸ್ತರ್ರ?”

ಈ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಇಂದೂ ನನ್ನ ಬಳಿ ಉತ್ತರವಿದೆಯೆಂದು ಹೇಳಲಾರೆ. ಒಂದೇ ನೆಲದಲ್ಲಿ ಒಂದೇ ಪ್ರಾಣಿಯನ್ನು ಹಿಡಿಯಲು ಒಯ್ದ ಸಾಮಗ್ರಿ ಅರಸನ ಕೈಯಲ್ಲಿ ವಿನೋದವೆನಿಸಿತು, ಸಾಹೇಬನ ಕೈಯಲ್ಲಿ ಕ್ರೀಡೆಯೆನಿಸಿತು, ಬಡವನ ಕೈಯಲ್ಲಿ ಅಪರಾಧದ ಗುರುತಾಯಿತು. 1952ರ ಆಗಸ್ಟ್ 31ರಂದು ದೇಶದಾದ್ಯಂತ ಆ ಕಾನೂನು ರದ್ದಾಯಿತು. ಆದರೆ ಕಾನೂನು ಅಳಿಸಿದ ಹೆಸರನ್ನು ಜನರ ನಾಲಗೆ ಅಷ್ಟು ಬೇಗ ಅಳಿಸುವುದಿಲ್ಲ. ನನ್ನ ವರ್ಗದಲ್ಲಿ ಎದ್ದ ಆ ನಗೆಯೇ ಇದಕ್ಕೆ ಸಾಕ್ಷಿ. ಅದಕ್ಕೆ ನಾನೂ ಪಾಲುದಾರ. ಸರಿಯಾದ ಉತ್ತರವನ್ನು ಸರಿಯೆಂದು ಹೇಳುವ ಕರ್ತವ್ಯ ಅಂದು ನನ್ನದಾಗಿತ್ತು.

ನಮ್ಮ ಹೊಣೆ

ಬೇಟೆಯನ್ನು ಹೊಗಳುವುದು ಈ ಲೇಖನದ ಉದ್ದೇಶವೆಂದು ಯಾರೂ ತಿಳಿಯಬಾರದು. 1972ರ ವನ್ಯಜೀವಿ ಸಂರಕ್ಷಣೆಯ ಕಾನೂನು ಚಿಗರಿಯನ್ನು ಮೊದಲನೆಯ ಅನುಸೂಚಿಯಲ್ಲಿ ಸೇರಿಸಿ ಪೂರ್ಣ ರಕ್ಷಣೆ ಕೊಟ್ಟಿದೆ. ಕೋವಿಯೂ ಬೇಡ, ಕುಣಿಕೆಯೂ ಬೇಡ ಎಂದಿರುವುದು ನ್ಯಾಯವೇ. ಉಳಿದಿರುವ ಹಿಂಡುಗಳು ಅಷ್ಟು ಕಡಿಮೆ. ಸೋಲಾಪುರದ ಬಳಿಯ ನಾನ್ನಜ, ಹಾವೇರಿ ಜಿಲ್ಲೆಯ ರಾಣೇಬೆನ್ನೂರು, ಮಡಕಶಿರದ ಗಡಿಗೆ ಹತ್ತಿರವಾದ ಮಧುಗಿರಿ ತಾಲೂಕಿನ ಮೈದನಹಳ್ಳಿ, ಇಂಥ ಕೆಲವು ಸ್ಥಳಗಳಲ್ಲಿ ಇಂದು ಮಕ್ಕಳಿಗೆ ಚಿಗರಿಯನ್ನು ತೋರಿಸಬಹುದು. ಮಧ್ಯಪ್ರದೇಶದ ಪನ್ನಾದಲ್ಲಿ ಪಾರಧಿ ತರುಣರು ಪ್ರವಾಸಿಗರಿಗೆ ಕಾಡನ್ನು ಪರಿಚಯ ಮಾಡಿಸುವ ಮಾರ್ಗದರ್ಶಕರಾಗಿದ್ದಾರೆ. ಹಿಡಿಯುವುದಕ್ಕಾಗಿ ಬೆಳೆದ ತಿಳಿವಳಿಕೆ ಕಾಯುವುದಕ್ಕೂ ಬರುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಉಪಾಧ್ಯಾಯರಾದ ನಾವು ಮಾಡಬಹುದಾದ ಕೆಲಸವೊಂದಿದೆ. ದೀವ, ಸಿವಂಗಿ, ಎರಳೆ, ಫಾಸ, ಇಂಥ ಮಾತುಗಳಲ್ಲಿ ಕೆಲವು ನಿಘಂಟಿನಲ್ಲಿವೆ, ಕೆಲವು ಮುದುಕರ ಬಾಯಲ್ಲಿ ಮಾತ್ರ ಇವೆ. ಗಡಿಯ ಮೇಲೆ ನಿಂತ ನಮ್ಮ ಶಾಲೆಗಳಿಗೆ ಕನ್ನಡ, ಮರಾಠಿ, ತೆಲುಗು, ಪಾರಧಿ ಮಾತು ಎಲ್ಲವೂ ಕಿವಿಗೆ ಬೀಳುತ್ತವೆ. ರಾಜಧಾನಿಯ ವಿದ್ವಾಂಸರಿಗೆ ಈ ಅನುಕೂಲವಿಲ್ಲ. ಒಂದೊಂದು ಶಾಲೆಯೂ ತನ್ನ ಸೀಮೆಯ ಮುದುಕರನ್ನು ಕೇಳಿ, ಯಾವ ಪ್ರಾಣಿಗೆ ಯಾವ ಸಾಮಗ್ರಿ, ಅದಕ್ಕೆ ಯಾವ ಹೆಸರು, ಯಾವ ಋತುವಿನಲ್ಲಿ ಎಂದು ಒಂದು ವಹಿಯಲ್ಲಿ ಬರೆದಿಟ್ಟರೆ ಅದು ಸಂಶೋಧನೆಗೆ ಒಳ್ಳೆಯ ಸಾಮಗ್ರಿಯಾಗುತ್ತದೆ. ಹೇಳಿದವರ ಹೆಸರಿಗೆ ಕುಂದು ಬಾರದಂತೆ ಬರೆಯಬೇಕೆಂಬುದನ್ನು ಮಾತ್ರ ಮರೆಯಬಾರದು. ಕೋವಿ ಕತ್ತಿಗಳನ್ನು ಗಾಜಿನ ಕಪಾಟಿನಲ್ಲಿಟ್ಟ ಶಸ್ತ್ರಾಗಾರಗಳನ್ನು ಹಲವು ಕಂಡಿದ್ದೇನೆ. ನರದ ಕುಣಿಕೆಯೊಂದನ್ನು, ಮರದ ಸೌಟೊಂದನ್ನು ಇಟ್ಟ ಕಪಾಟನ್ನು ನಾನಿನ್ನೂ ಕಂಡಿಲ್ಲ.

ಅಜ್ಜ ಈಗಿಲ್ಲ. ಆ ಹುಡುಗ ಮರಳಿ ಶಾಲೆಗೆ ಬಂದ. ಮುಂದಿನ ವಾರ ಮೃಗಯಾವಿನೋದದ ಪಾಠವನ್ನು ನಾನು ಮತ್ತೆ ಮೊದಲಿನಿಂದ ಮಾಡಿದೆ. ಈ ಸಲ ಕರಿಹಲಗೆಯ ಮೇಲೆ ಎತ್ತಿನ ಚಿತ್ರವನ್ನೂ ಕುಣಿಕೆಯ ಸಾಲನ್ನೂ ಬರೆದವನು ಅವನೇ. ಯಾರೂ ನಗಲಿಲ್ಲ. ಮೊದಲು ಪ್ರಶ್ನೆ ಕೇಳಿದ್ದ ಹುಡುಗಿ ಅದನ್ನು ತನ್ನ ವಹಿಯಲ್ಲಿ ಬರೆದುಕೊಂಡು, “ಗೂಟ ಎಷ್ಟು ಉದ್ದ ಇರಬೇಕು?” ಎಂದು ಅವನನ್ನೇ ಕೇಳಿದಳು.